1117ರ ಮಾರ್ಚ್ 10 ಎಂದು ಶಾಸನದಲ್ಲಿ ಬರೆದಿದೆಯೇ?

ಹಾಸನದಲ್ಲಿ ಕುಳಿತು ಬಹಳ ಕಾಲದಿಂದ ‘ಇತಿಹಾಸದಲ್ಲಿ ಈ ದಿನ’ ಎಂಬ ಸಾಲುಗಳನ್ನು ಬರೆಯುತ್ತಿರುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದೇ. “ಮೇಷ್ಟ್ರೇ, ವಿಷ್ಣುವರ್ಧನನ ಕಾಲದಲ್ಲಿ ನಮ್ಮಲ್ಲಿ ಮಾರ್ಚ್, ಏಪ್ರಿಲ್ ಎಲ್ಲಿತ್ತು? ಬೇಲೂರಿನಲ್ಲಿ ದೇವರ ಪ್ರತಿಷ್ಠೆ 1117ರ ಮಾರ್ಚ್ 10ರಂದು ಆಯಿತು ಎಂದು ಅಷ್ಟು ಖಚಿತವಾಗಿ ಹೇಗೆ ಬರೆಯುತ್ತೀರಿ?” ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಕೇಳುತ್ತಾರೆ, ನೆಂಟರಿಗೆ ದೇವಸ್ಥಾನ ತೋರಿಸಿ ಬಂದವರು ಕೇಳುತ್ತಾರೆ. ಸ್ವಲ್ಪ ವ್ಯಂಗ್ಯ ಬೆರೆಸಿ ಕೇಳುವವರೂ ಉಂಟು. ಆದರೆ ಪ್ರಶ್ನೆ ನ್ಯಾಯವಾದದ್ದೇ.

ಶಾಸನದಲ್ಲಿ ಮಾರ್ಚ್ ಇಲ್ಲ. ಅಲ್ಲಿರುವುದು ಶಕವರ್ಷ 1039, ಹೇವಿಳಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಶನಿವಾರ. ಮಾರ್ಚ್ 10 ಎಂಬುದು ಇದರಿಂದ ಲೆಕ್ಕ ಹಾಕಿ ತೆಗೆದ ಉತ್ತರ.

ಲೆಕ್ಕ ಕಷ್ಟದ್ದೇನಲ್ಲ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ. ಮಾಘ, ಫಾಲ್ಗುಣದ ಘಟನೆಯಾದರೆ 79 ಕೂಡಿಸಬೇಕು, ಏಕೆಂದರೆ ಅಷ್ಟರಲ್ಲಿ ಜನವರಿ ದಾಟಿರುತ್ತದೆ. ತೊಡಕು ಇರುವುದು ಬೇರೆ ಕಡೆ. ಶಾಸನಕಾರರು ಕೆಲವೊಮ್ಮೆ ಸಂದ ವರ್ಷವನ್ನು ಎಣಿಸುತ್ತಿದ್ದರು, ಕೆಲವೊಮ್ಮೆ ನಡೆಯುತ್ತಿರುವ ವರ್ಷವನ್ನು. ಹಾಗಾಗಿ ಶಕವರ್ಷವೊಂದನ್ನೇ ನಂಬಿದರೆ ಒಂದು ವರ್ಷ ಹೆಚ್ಚುಕಡಿಮೆಯಾಗಬಹುದು. ಅಲ್ಲಿ ನೆರವಿಗೆ ಬರುವುದು ಸಂವತ್ಸರದ ಹೆಸರು. ಅರವತ್ತು ವರ್ಷಕ್ಕೊಮ್ಮೆ ಮಾತ್ರ ಮರಳಿ ಬರುವ ಹೆಸರು ಅದು, ಒಂದು ವರ್ಷ ಆಚೀಚೆಯಾದರೂ ಹೊಂದುವುದಿಲ್ಲ. ತಿಥಿಯಿಂದ ಚಂದ್ರನ ಸ್ಥಿತಿ ಗೊತ್ತಾಗುತ್ತದೆ. ಕೊನೆಗೆ ವಾರ. ಏಳು ದಿನಗಳ ಈ ಸರಪಳಿ ನಮಗೆ ತಿಳಿದಂತೆ ಎಲ್ಲಿಯೂ ತುಂಡಾಗಿಲ್ಲ. ಶತಮಾನಗಳ ಹಿಂದಿನ ದಿನದಿಂದಲೂ ಅದನ್ನು ಇಂದಿನವರೆಗೆ ಎಣಿಸಿಕೊಂಡು ಬರಬಹುದು. 1117ರ ಮಾರ್ಚ್ 10 ಯಾವ ವಾರ ಎಂದು ಎಣಿಸಿ ನೋಡಿದರೆ ಶನಿವಾರವೇ ಬರುತ್ತದೆ. ಕಲ್ಲಿನಲ್ಲಿ ಕೆತ್ತಿದವನೂ ಶನಿವಾರ ಎಂದೇ ಹೇಳಿದ್ದಾನೆ. ನಾಲ್ಕು ಸಾಕ್ಷಿಗಳು ಒಂದೇ ಮಾತು ಹೇಳಿದ ಮೇಲೆ ನನಗೆ ಅನುಮಾನವಿಲ್ಲ. ಹಿಂದಿನ ಸಂಶೋಧಕರು ಇದಕ್ಕಾಗಿ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೈ ಸಿದ್ಧಪಡಿಸಿದ ದಪ್ಪ ಕೋಷ್ಟಕಗಳನ್ನು ತಿರುವಿ ಹಾಕುತ್ತಿದ್ದರು. ಈಗ ಮೊಬೈಲ್ ಸಾಕು.

ಆದರೂ ಮಾರ್ಚ್ 10ರಂದು ನಾನು ಬೇಲೂರಿನ ಬಗ್ಗೆ ಬರೆಯುವುದಿಲ್ಲ. ಆ ತಾರೀಕು ಆಗ ಯೂರೋಪಿನಲ್ಲಿ ಬಳಕೆಯಲ್ಲಿದ್ದ ಹಳೆಯ ಜೂಲಿಯನ್ ಕ್ಯಾಲೆಂಡರಿನದು. 1582ರ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಕರೆದು ರೋಮಿನ ಪೋಪ್ ತಿದ್ದಿದ ಗ್ರೆಗೋರಿಯನ್ ಕ್ಯಾಲೆಂಡರ್ ನಾವು ಗೋಡೆಗೆ ತೂಗುಹಾಕಿರುವುದು. ಹನ್ನೆರಡನೆಯ ಶತಮಾನದಲ್ಲಿ ಎರಡಕ್ಕೂ ಏಳು ದಿನಗಳ ಅಂತರ. ನಮ್ಮ ಈಗಿನ ಕ್ಯಾಲೆಂಡರನ್ನೇ ಹಿಂದಕ್ಕೆ ಚಾಚಿದರೆ ಪ್ರತಿಷ್ಠೆಯ ದಿನ ಮಾರ್ಚ್ 17. ವಾರ ಮಾತ್ರ ಶನಿವಾರವೇ.

ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. 1117ರಿಂದ 2017ಕ್ಕೆ ಒಂಬೈನೂರು ವರ್ಷ, ಅಂದರೆ ಅರವತ್ತರ ಹದಿನೈದು ಸುತ್ತು. 2017ರ ಯುಗಾದಿಗೆ ಬಂದ ಸಂವತ್ಸರ ಯಾವುದು? ಹೇವಿಳಂಬಿಯೇ. ಆದರೆ ಆ ವರ್ಷ ಯುಗಾದಿ ಬಂದದ್ದು ಮಾರ್ಚ್ 29ಕ್ಕೆ. ತಾರೀಕು ಹಿಡಿದು ಹೊರಟವರು ಮಾರ್ಚ್ 10ರಂದೇ ಒಂಬೈನೂರನೆಯ ವರ್ಷ ಆಚರಿಸಿದ್ದರೆ ಪಂಚಾಂಗದಲ್ಲಿ ಇನ್ನೂ ದುರ್ಮುಖಿ ಸಂವತ್ಸರದ ಫಾಲ್ಗುಣ ಮಾಸ! ಚಾಂದ್ರಮಾನದ ಹಬ್ಬಗಳು ವರ್ಷವರ್ಷವೂ ಹಿಂದೆಮುಂದೆ ಆಗುವುದು ಸರಿ. ಅದರ ಮೇಲೆ ಪಂಚಾಂಗದ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಕೊಂಚ ಉದ್ದ, ಅರವತ್ತು ಎಪ್ಪತ್ತು ವರ್ಷಕ್ಕೆ ಒಂದು ದಿನದಷ್ಟು ಮುಂದೆ ಸರಿಯುತ್ತದೆ. ಹಾಗಾಗಿ ವಿಷ್ಣುವರ್ಧನನ ದಿನವನ್ನು ನೆನೆಯಬೇಕಾದರೆ ಚೈತ್ರ ಶುದ್ಧ ಪಂಚಮಿಯಂದು ನೆನೆಯಿರಿ ಎಂಬುದು ನನ್ನ ನಿಲುವು. ಬೇಲೂರಿನ ರಥೋತ್ಸವವೂ ಚೈತ್ರದಲ್ಲೇ ನಡೆಯುತ್ತದೆ, ಯಾರೂ ತಾರೀಕು ಕೇಳಿಕೊಂಡು ತೇರು ಎಳೆಯುವುದಿಲ್ಲ.

ಎಲ್ಲ ದಿನಗಳೂ ಇಷ್ಟು ಸಲೀಸಾಗಿ ಸಿಗುವುದಿಲ್ಲ. ಶ್ರವಣಬೆಳಗೊಳದ್ದು ತಲೆ ತಿನ್ನುವ ಪ್ರಸಂಗ. ಗೊಮ್ಮಟನ ಪಾದದ ಬಳಿ ಚಾವುಂಡರಾಯ ಮಾಡಿಸಿದ ಎಂದಿದೆಯೇ ಹೊರತು ಯಾವಾಗ ಎಂದಿಲ್ಲ. ಅನಂತರದ ಸಂಸ್ಕೃತ ಕಾವ್ಯವೊಂದು ಕಲ್ಕಿ ಶಕೆ 600, ವಿಭವ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಭಾನುವಾರ ಎನ್ನುತ್ತದೆ. ನೋಡಿ, ಬೇಲೂರಿನ ತಿಥಿಯೇ! ಆದರೆ ಕಲ್ಕಿ ಶಕೆ ಎಲ್ಲಿಂದ ಶುರುವಾಗುತ್ತದೆ ಎಂಬುದರಲ್ಲೇ ಒಮ್ಮತವಿಲ್ಲ. ಗೋವಿಂದ ಪೈ ಅವರು 981ರ ಮಾರ್ಚ್ 13 ಎಂದರು. 1028ರ ಮಾರ್ಚ್ 3 ಎಂದವರೂ ಇದ್ದಾರೆ. ಎರಡನ್ನೂ ಎಣಿಸಿ ನೋಡಿದೆ, ಎರಡೂ ಭಾನುವಾರ, ಎರಡಕ್ಕೂ ಪಂಚಮಿ ಹೊಂದುತ್ತದೆ. ನಾವು ಈಗ ಎಣಿಸುವ ಕ್ರಮದಲ್ಲಿ ವಿಭವ ಕೂಡಿಬರುವುದು 1028ಕ್ಕೆ. ಆದರೆ ಚಾವುಂಡರಾಯ ಮಂತ್ರಿಯಾಗಿದ್ದ ಗಂಗರ ರಾಜ್ಯ 1004ರ ಹೊತ್ತಿಗೇ ಚೋಳರ ಕೈಸೇರಿತ್ತು. ಪಂಚಾಂಗ ಒಂದು ಕಡೆ, ರಾಜಕೀಯ ಇನ್ನೊಂದು ಕಡೆ. ನಾನು ರಾಜಕೀಯದ ಪಕ್ಷ. 1981ರಲ್ಲಿ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕ ನಡೆದದ್ದೂ 981ನ್ನು ಒಪ್ಪಿಕೊಂಡೇ.

ಹಲ್ಮಿಡಿಯದು ಇನ್ನೂ ಸರಳ, ಅಲ್ಲಿ ಕಾಲವೇ ಇಲ್ಲ. ಸುಮಾರು 450 ಎಂಬುದು ಮುಖ್ಯವಾಗಿ ಲಿಪಿಯನ್ನು ನೋಡಿ ಹೇಳಿದ ಅಂದಾಜು. ಆದ್ದರಿಂದ “ಇಂದು ಹಲ್ಮಿಡಿ ಶಾಸನ ಕೆತ್ತಿದ ದಿನ” ಎಂದು ಯಾರಾದರೂ ಮೊಬೈಲಿಗೆ ಕಳುಹಿಸಿದರೆ ಅಳಿಸಿಹಾಕಿ. ಮಲಿಕ್ ಕಾಫೂರ್ ದ್ವಾರಸಮುದ್ರಕ್ಕೆ ಮುತ್ತಿಗೆ ಹಾಕಿದ ಕಾಲ ಅಮೀರ್ ಖುಸ್ರೋ ಬರಹದಿಂದ ಸಿಗುತ್ತದೆ: ಹಿಜರಿ 710ರ ಶವ್ವಾಲ್, ಅಂದರೆ 1311ರ ಫೆಬ್ರುವರಿ ಕೊನೆ. ಹಿಜರಿಯಲ್ಲಿ ಅಧಿಕಮಾಸವಿಲ್ಲದ್ದರಿಂದ ಶವ್ವಾಲ್ ಎಲ್ಲ ಋತುಗಳಲ್ಲೂ ಸುತ್ತುತ್ತದೆ.

ಹೊಸ ಕಾಲದ ದಿನಗಳಿಗೆ ಈ ಗೋಜಿಲ್ಲ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29. ಅಲ್ಲಿ ಜಗಳ ಊರಿನದು ಮಾತ್ರ, ಕುಪ್ಪಳಿ ಎನ್ನುವವರಿಗೆ ಚಿಕ್ಕಮಗಳೂರಿನವರು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯನ್ನು ನೆನಪಿಸುತ್ತಾರೆ, ನೆನಪಿಸಲೇಬೇಕು. ದೇವೇಗೌಡರು ಪ್ರಧಾನಿಯಾದದ್ದು 1996ರ ಜೂನ್ 1. ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು 2023ರ ಸೆಪ್ಟೆಂಬರ್ 18, ಗಣೇಶನ ಹಬ್ಬದ ದಿನ.

ಪರೀಕ್ಷೆಗೆ ಏನು ಬರೆಯಬೇಕು ಎಂದು ಹುಡುಗರು ಕೊನೆಗೆ ಕೇಳಿಯೇ ಕೇಳುತ್ತಾರೆ. ಬೇಲೂರಿಗೆ 1117 ಎಂದು ಕಣ್ಣುಮುಚ್ಚಿ ಬರೆಯಿರಿ. ಗೊಮ್ಮಟನಿಗೆ 981. ನಾಲ್ಕು ಆಯ್ಕೆಗಳಲ್ಲಿ 981, 983 ಎರಡೂ ಇದ್ದರೆ ಮಾತ್ರ ನನ್ನನ್ನು ಕೇಳಬೇಡಿ, ಪ್ರಶ್ನೆಪತ್ರಿಕೆ ಮಾಡಿದವರನ್ನು ಹುಡುಕಿ ಕೇಳಿ.