ಕುದೂರಿನ ಆಲದ ಸಾಲಿನಲ್ಲಿ ಅಮ್ಮನ ಜೊತೆ

2025ರ ನವೆಂಬರ್‌ನಲ್ಲಿ ಸಾಲುಮರದ ತಿಮ್ಮಕ್ಕ ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂತು. ಅಮ್ಮ ಒಲೆ ಸಣ್ಣ ಮಾಡಿ ಬಂದು, ನಿಂತೇ ನೋಡಿದಳು. ‘ಆ ಮರಗಳನ್ನ ಒಂದ್ಸಲ ನೋಡ್ಬೇಕು ಕಣೇ’ ಅಂದಳು. ಅಪ್ಪ ಹೋದ ಮೇಲೆ ಅವಳಾಗಿ ಏನಾದರೂ ಬೇಕು ಅಂತ ಕೇಳಿದ್ದು ಅದೇ ಮೊದಲು.

ಡಿಸೆಂಬರ್‌ನ ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಹೊರಟೆವು. ನೆಲಮಂಗಲ, ಸೋಲೂರು ಆದ ಮೇಲೆ ಹೆದ್ದಾರಿ ಬಿಟ್ಟು ಕುದೂರಿನ ಕಡೆ ತಿರುಗಿದೆವು. ಇದು ಮಾಗಡಿ ತಾಲ್ಲೂಕು. ರಾಗಿ ಕೊಯ್ಲಿನ ಕಾಲ. ರಸ್ತೆ ಮೇಲೆ ಅಲ್ಲಲ್ಲಿ ತೆನೆ ಹರಡಿದ್ದರು. ದೂರದಲ್ಲಿ ಭೈರವನದುರ್ಗದ ಬಂಡೆ ಬಿಸಿಲಿಗೆ ಹೊಳೆಯುತ್ತಿತ್ತು. ಕುದೂರಿನಲ್ಲಿ ಟೀ ಕುಡಿದು ಹುಲಿಕಲ್ ದಾರಿ ಹಿಡಿದೆವು.

ಸ್ವಲ್ಪ ದೂರಕ್ಕೇ ಬಿಸಿಲು ಮಾಯವಾಯಿತು. ಎರಡೂ ಬದಿಯ ಆಲದ ಮರಗಳು ಮೇಲೆ ಕೈ ಹಿಡಿದುಕೊಂಡಿದ್ದವು. ಕಾರು ನಿಲ್ಲಿಸಿದೆ. ಅಮ್ಮ ಇಳಿದವಳೇ ಚಪ್ಪಲಿ ಬಿಟ್ಟಳು.

ಇಲ್ಲಿ ಸುಮಾರು 4 ಕಿ.ಮೀ. ಉದ್ದಕ್ಕೆ 385 ಆಲದ ಮರಗಳನ್ನು ಬೆಳೆಸಿದ್ದು ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ. ಗುಬ್ಬಿ ಸೀಮೆಯಲ್ಲಿ ಹುಟ್ಟಿ, ಶಾಲೆಯ ಮುಖ ನೋಡದೆ, ಕಲ್ಲು ಕ್ವಾರಿಯಲ್ಲಿ ಕೂಲಿ ಮಾಡಿದ ಹೆಣ್ಣುಮಗಳು ತಿಮ್ಮಕ್ಕ. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ಮಕ್ಕಳಿಲ್ಲದವಳಿಗೆ ನಮ್ಮ ಹಳ್ಳಿಗಳಲ್ಲಿ ಏನೇನು ಮಾತು ಬೀಳುತ್ತೆ ಅಂತ ನಮಗೆ ಗೊತ್ತಿಲ್ಲದ್ದೇನಲ್ಲ. ಅವರಿಬ್ಬರೂ ಸಸಿ ನೆಟ್ಟರು. ಮೊದಲ ವರ್ಷ 10, ಮರುವರ್ಷ 15, ಅದರಾಚೆ ವರ್ಷ 20. ಹಗಲು ಕೂಲಿ. ಅದರ ಜೊತೆಗೆ ಮೈಲಿಗಟ್ಟಲೆ ನೀರು ಹೊರುವುದು. ದನಕರು ಬಾಯಿ ಹಾಕದಂತೆ ಪ್ರತಿ ಸಸಿಗೂ ಮುಳ್ಳು ಕಟ್ಟುವುದು. ಒಂದು ದಿನದ ಹುಮ್ಮಸ್ಸಿನಲ್ಲಿ ಯಾರು ಬೇಕಾದರೂ ಗಿಡ ನೆಡಬಹುದು. ಬೇಸಿಗೆಯಲ್ಲಿ, ಮೈ ಸೋತ ಸಂಜೆಯಲ್ಲಿ ಮತ್ತೆ ಕೊಡ ಎತ್ತಬೇಕಲ್ಲ, ನನಗೆ ದೊಡ್ಡದು ಅನಿಸುವುದು ಅದು.

1991ರಲ್ಲಿ ಚಿಕ್ಕಯ್ಯ ತೀರಿಕೊಂಡರು. ತಿಮ್ಮಕ್ಕನಿಗೆ ಪದ್ಮಶ್ರೀ ಬಂದಿದ್ದು 2019ರಲ್ಲಿ. ಅಷ್ಟು ವರ್ಷವೂ ಅವರು ಈ ಮರಗಳ ತಾಯಿಯಾಗಿ ಇದ್ದರು. ಪ್ರಶಸ್ತಿ ಕೊಟ್ಟ ರಾಷ್ಟ್ರಪತಿಯವರ ಹಣೆ ಮುಟ್ಟಿ ಹರಸಿದ ಆ ಕೈ ನೆನಪಿದೆಯಲ್ವಾ? ನೀರು ಹೊತ್ತಿದ್ದು ಅದೇ ಕೈ.

‘ಚಿಕ್ಕಯ್ಯನಿಗೆ ಮಾತು ತೊದಲ್ತಿತ್ತಂತೆ. ಊರವರು ಬಿಕ್ಕಲ ಚಿಕ್ಕಯ್ಯ ಅಂತಿದ್ರಂತೆ’ ಅಂದೆ.

ಅಮ್ಮ ತಿರುಗಿ ನೋಡಿದಳು. ಅಪ್ಪನಿಗೆ ಲಕ್ವ ಹೊಡೆದ ಮೇಲೆ ಆರು ವರ್ಷ ಅವನ ಮಾತು ನಮಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಮ್ಮನಿಗೆ ಮಾತ್ರ ತಿಳಿಯುತ್ತಿತ್ತು. ಅವನು ಅರ್ಧ ಅಂದರೆ ಸಾಕು, ಇವಳು ಎದ್ದು ಹೋಗಿ ಅದನ್ನೇ ತರುತ್ತಿದ್ದಳು. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಆಮೇಲೆ ಅವನ ಮೈ ಒರೆಸಿ, ಗಂಜಿ ಕುಡಿಸುವುದು. ಒಂದು ದಿನವೂ ತಪ್ಪಲಿಲ್ಲ.

ಒಂದು ದಪ್ಪ ಬೇರಿನ ಮೇಲೆ ಕೂತು ಬುತ್ತಿ ಬಿಚ್ಚಿದೆವು. ಚಿತ್ರಾನ್ನ, ಮೊಸರನ್ನ. ತಲೆ ಮೇಲೆ ಮೈನಾಗಳ ಗಲಾಟೆ. ಆಲದ ಹಣ್ಣು ಪಟಪಟ ಉದುರುತ್ತಿತ್ತು. ದಾರಿಯಲ್ಲಿ ಒಬ್ಬ ಅಜ್ಜ ಕುರಿ ಹೊಡೆದುಕೊಂಡು ಹೋದರು. ‘ಉಂಡ್ಕಳಿ, ಉಂಡ್ಕಳಿ, ತಣ್ಣಗದೆ ಇಲ್ಲಿ’ ಅಂದರು.

ಅಮ್ಮ ಅನ್ನದಲ್ಲಿ ಬೆರಳಾಡಿಸುತ್ತ ಕೂತಿದ್ದಳು. ವರ್ಷದಿಂದ ಅವಳ ಊಟ ಅಷ್ಟೇ, ಎರಡು ತುತ್ತು.

‘ಕೊನೇ ದಿನ ನಿಮ್ಮಪ್ಪ ನೀ... ನೀ... ಅಂದ್ರಲ್ಲ’ ಅಂದಳು.

‘ಹೂಂ. ನಾನು ನೀರು ತಂದೆ.’

‘ಅವರು ಕೇಳಿದ್ದು ನೀರಲ್ಲ ಕಣೇ. ನೀನು ಉಂಡ್ಯಾ ಅಂದ್ರು. ನನ್ನ ಕೇಳಿದ್ರು.’

ನಾನು ಮಾತಾಡಲಿಲ್ಲ. ಅಮ್ಮ ಬಿಳಲುಗಳನ್ನು ನೋಡುತ್ತ ಸ್ವಲ್ಪ ಹೊತ್ತು ಕೂತಳು. ಆಮೇಲೆ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡು, ಉಳಿದ ಮೊಸರನ್ನವನ್ನೆಲ್ಲ ತಟ್ಟೆಗೆ ಹಾಕಿಕೊಂಡಳು.