ವಾಲ್ ಸ್ಟ್ರೀಟಿನ ವಕೀಲರೂ ಅರ್ಜಿದಾರರ ಧರ್ಮವೂ

ನ್ಯೂಯಾರ್ಕಿನಲ್ಲಿ ವಕೀಲರ ನಡುವೆಯೇ ಕೆಲಸ ಮಾಡುವ ನನ್ನನ್ನು ಊರಿನ ಬಂಧುಗಳು, ಇಲ್ಲಿಯೂ ಕುಲಗೋತ್ರ ನೋಡಿ ಕೆಲಸ ಕೊಡುತ್ತಾರೆಯೇ ಎಂದು ಕೇಳುವುದುಂಟು. ಅದಕ್ಕೆ ಉತ್ತರವಾಗಿ ನಾನು 1950 ಮತ್ತು 60ರ ದಶಕಗಳ ಇಲ್ಲಿನ ಪರಿಸ್ಥಿತಿಯನ್ನು ವಿವರಿಸುತ್ತೇನೆ.

ನಮ್ಮಲ್ಲಿ ಸನ್ನದು ಪಡೆದವರು ಹಿರಿಯ ವಕೀಲರ ಕಚೇರಿಯಲ್ಲಿ ಜೂನಿಯರ್ ಆಗಿ ಸೇರುವಂತೆ, ಇಲ್ಲಿ ಕಾನೂನು ಪದವೀಧರರು ದೊಡ್ಡ ಸಂಸ್ಥೆಗಳಿಗೆ ಅಸೋಸಿಯೇಟ್ ಆಗಿ ಸೇರುತ್ತಾರೆ. ಕೆಲವು ವರ್ಷ ದುಡಿದ ಮೇಲೆ ಪಾಲುದಾರರಾಗಬೇಕು, ಇಲ್ಲವೇ ಬೇರೆ ದಾರಿ ನೋಡಿಕೊಳ್ಳಬೇಕು. ಆಗ ಈ ಸಂಸ್ಥೆಗಳ ಪಾಲುದಾರರಲ್ಲಿ ಬಹುಪಾಲು ಜನ ಬಿಳಿಯ ಪ್ರಾಟೆಸ್ಟೆಂಟ್ ಗಂಡಸರೇ ಆಗಿದ್ದರು. ಯೆಹೂದಿಗಳನ್ನು ಸೇರಿಸಿಕೊಳ್ಳಬಾರದೆಂಬ ನಿಯಮವನ್ನು ಬರೆದಿಡುವ ಅಗತ್ಯವೇ ಇರಲಿಲ್ಲ. ಸಂದರ್ಶನದಲ್ಲಿ ಅಂಕಗಳ ಜೊತೆಗೆ ಮನೆತನ, ಓದಿದ ಶಾಲೆ, ನಡೆನುಡಿಗಳನ್ನೂ ಅಳೆಯುತ್ತಿದ್ದುದರಿಂದ ಬೇಡವಾದವರನ್ನು ಕಾರಣ ಹೇಳದೆಯೇ ಬಿಡಬಹುದಾಗಿತ್ತು. ಒಂದೇ ಮಟ್ಟದ ಅಂಕಗಳಿದ್ದರೂ ಯೆಹೂದಿ ವಿದ್ಯಾರ್ಥಿಗಳು ನ್ಯೂಯಾರ್ಕಿನಲ್ಲಿ ನೌಕರಿ ಪಡೆಯುವುದರಲ್ಲಿ ಹಿಂದೆ ಬೀಳುತ್ತಿದ್ದರೆಂಬುದನ್ನು 1964ರಲ್ಲಿ ಯೇಲ್ ಲಾ ಜರ್ನಲ್ ತನ್ನ ಅಧ್ಯಯನವೊಂದರಲ್ಲಿ ತೋರಿಸಿತು.

ಧರ್ಮದ ಕಾರಣಕ್ಕೆ ನೌಕರಿ ನಿರಾಕರಿಸುವುದನ್ನು ನ್ಯೂಯಾರ್ಕ್ ರಾಜ್ಯ 1945ರಲ್ಲೇ ನಿಷೇಧಿಸಿತ್ತು. ಆ ಕಾನೂನನ್ನು ಚೆನ್ನಾಗಿ ಬಲ್ಲವರ ಕಚೇರಿಗಳಲ್ಲೇ ಹೀಗೆ ನಡೆಯಿತೆಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ರೂತ್ ಬೇಡರ್ ಗಿನ್ಸ್‌ಬರ್ಗ್ 1959ರಲ್ಲಿ ಕೊಲಂಬಿಯಾ ಕಾನೂನು ಶಾಲೆಯಿಂದ ಮೊದಲ ಸ್ಥಾನ ಹಂಚಿಕೊಂಡು ಹೊರಬಂದಾಗ ನಗರದ ಒಂದು ಸಂಸ್ಥೆಯೂ ಅವರಿಗೆ ಕೆಲಸ ಕೊಡಲಿಲ್ಲ. ಯೆಹೂದಿ, ಹೆಣ್ಣು, ಪುಟ್ಟ ಮಗುವಿನ ತಾಯಿ ಎಂಬ ಮೂರೂ ಕಾರಣಗಳು ತಮಗೆ ಅಡ್ಡವಾದವೆಂದು ಅವರೇ ಹೇಳುತ್ತಿದ್ದರು. ಪ್ರಾಧ್ಯಾಪಕ ಜೆರಾಲ್ಡ್ ಗುಂಥರ್ ಪಟ್ಟು ಹಿಡಿದು ಶಿಫಾರಸು ಮಾಡಿದ ಮೇಲಷ್ಟೇ ನ್ಯಾಯಾಧೀಶ ಎಡ್ಮಂಡ್ ಪಾಲ್ಮಿಯೇರಿ ಅವರನ್ನು ಕ್ಲರ್ಕ್, ಅಂದರೆ ನ್ಯಾಯಾಧೀಶರ ಕಾನೂನು ಸಹಾಯಕಿ, ಆಗಿ ತೆಗೆದುಕೊಂಡರು. ಅಷ್ಟು ಪ್ರತಿಭೆಗೇ ಒಬ್ಬರ ಹಟ ಬೇಕಾಯಿತೆಂದರೆ, ಶಿಫಾರಸು ಮಾಡುವವರಿಲ್ಲದ ಸಾಧಾರಣ ಪದವೀಧರರ ಪಾಡನ್ನು ಊಹಿಸಬಹುದು.

1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೆಯ ಭಾಗವು ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲದೇಶಗಳ ಆಧಾರದ ಮೇಲೆ ನೌಕರಿಯಲ್ಲಿ ಮಾಡುವ ತಾರತಮ್ಯವನ್ನು ದೇಶದಾದ್ಯಂತ ನಿಷೇಧಿಸಿತು. ಆದರೆ ಪಾಲುದಾರನಾಗುವುದು ನೌಕರಿಯಲ್ಲ, ಒಡೆತನ, ಆದ್ದರಿಂದ ಕಾಯ್ದೆ ತಮಗೆ ಅನ್ವಯಿಸದು ಎಂದು ಸಂಸ್ಥೆಗಳು ವಾದಿಸಿದವು. ಇಟಾಲಿಯನ್ ಮೂಲದ ಕ್ಯಾಥೊಲಿಕ್ ವಕೀಲರೊಬ್ಬರು, ತಮಗೆ ಬಡ್ತಿ ತಪ್ಪಲು ಮೂಲವೂ ಧರ್ಮವೂ ಕಾರಣವೆಂದೂ, ಕೆಲಸದ ಹಂಚಿಕೆಯಲ್ಲಿಯೂ ತರಬೇತಿಯಲ್ಲಿಯೂ ತಮ್ಮನ್ನು ಹಿಂದಿಡಲಾಯಿತೆಂದೂ ಆರೋಪಿಸಿ ನಗರದ ಹಣಕಾಸು ಕೇಂದ್ರವಾದ ವಾಲ್ ಸ್ಟ್ರೀಟಿನ ಪ್ರತಿಷ್ಠಿತ ಸಂಸ್ಥೆಯೊಂದರ ಮೇಲೆ ದಾವೆ ಹೂಡಿದಾಗ, 1977ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವು ಸಂಸ್ಥೆಯ ಆ ವಾದವನ್ನು ಒಪ್ಪದೆ ವಿಚಾರಣೆಗೆ ದಾರಿ ಮಾಡಿಕೊಟ್ಟಿತು. ಕೆಲಸದ ಹಂಚಿಕೆಯ ಆರೋಪ ಸಣ್ಣದೇನಲ್ಲ: ದೊಡ್ಡ ಕಕ್ಷಿದಾರರ ಕಡತ ಕೈಗೆ ಬಾರದವನು ಪಾಲುದಾರರ ಕಣ್ಣಿಗೆ ಬೀಳುವುದು ಕಷ್ಟ.

ಅಟ್ಲಾಂಟಾದ ಮಹಿಳಾ ವಕೀಲರೊಬ್ಬರ ಲಿಂಗ ತಾರತಮ್ಯದ ಮೊಕದ್ದಮೆಯಲ್ಲಿ, ಪಾಲುದಾರಿಕೆಗೆ ಪರಿಗಣಿಸುವ ಭರವಸೆಯೂ ನೌಕರಿಯ ಷರತ್ತುಗಳಲ್ಲಿ ಒಂದಾಗಬಹುದೆಂದು ಸುಪ್ರೀಂ ಕೋರ್ಟ್ 1984ರಲ್ಲಿ ಒಮ್ಮತದಿಂದ ತೀರ್ಪಿತ್ತಿತು. ಅದೇ ತರ್ಕ ಧರ್ಮಕ್ಕೂ ಅನ್ವಯಿಸುವುದರಿಂದ, ಇಲ್ಲಿನ ಸಂಸ್ಥೆ ಸೇರುವ ನಮ್ಮ ಮಕ್ಕಳಿಗೂ ಅದರ ರಕ್ಷಣೆಯಿದೆ.