ಗೋಮುಖದ ಹಾದಿಯಲ್ಲಿ ಹಿಮನದಿಯ ಹಳೆಯ ಎಲ್ಲೆಗಳು

ಗಂಗೋತ್ರಿ ಹಿಮನದಿ ಹಿಂದೆ ಎಲ್ಲಿಯವರೆಗೆ ಇಳಿದು ಬಂದಿತ್ತೆಂಬುದನ್ನು ಕಾಣಬಯಸುವವರು ಅದರ ಇಂದಿನ ತುದಿಯಾದ ಗೋಮುಖ ತಲುಪುವವರೆಗೆ ಕಾಯಬೇಕಾಗಿಲ್ಲ. ಉತ್ತರಕಾಶಿಯಿಂದ ಮೇಲೇರುವಾಗ ಝಾಲಾದವರೆಗೆ ಇಕ್ಕಟ್ಟಾಗಿರುವ ಭಾಗೀರಥಿಯ ಕಣಿವೆ, ಅಲ್ಲಿಂದ ಹರ್ಸಿಲ್ ಕಡೆಗೆ ಇದ್ದಕ್ಕಿದ್ದಂತೆ ಅಗಲವಾಗುತ್ತದೆ. ಇಂದಿನ ಗೋಮುಖದಿಂದ ಸುಮಾರು 40 ಕಿ.ಮೀ. ಕೆಳಗಿರುವ ಈ ಝಾಲಾದವರೆಗೂ ಸುಮಾರು 63 ಸಾವಿರ ವರ್ಷಗಳ ಹಿಂದೆ ಹಿಮ ಚಾಚಿತ್ತೆಂದು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಒಂದೇ ಹಗಲಿನಲ್ಲಿ ಗಂಗೋತ್ರಿಗೆ ಧಾವಿಸುವ ಬದಲು ಹರ್ಸಿಲ್‌ನಲ್ಲಿ ಒಂದು ರಾತ್ರಿ ತಂಗಿದರೆ ಈ ಕಣಿವೆಯನ್ನು ನೋಡಲು ಬಿಡುವು ದೊರೆಯುತ್ತದೆ, ಎತ್ತರಕ್ಕೆ ಮೈಯೂ ಒಗ್ಗುತ್ತದೆ.

ಗಂಗೋತ್ರಿಯಿಂದ ಗೋಮುಖಕ್ಕೆ ಸುಮಾರು 18 ಕಿ.ಮೀ. ನಡಿಗೆ. ರಾಷ್ಟ್ರೀಯ ಉದ್ಯಾನದ ಪರವಾನಗಿ ಕಡ್ಡಾಯವಾಗಿದ್ದು, ದಿನಕ್ಕೆ 150 ಮಂದಿಗೆ ಮಾತ್ರ ಸಿಗುವುದರಿಂದ ಮೊದಲೇ ಪಡೆದುಕೊಳ್ಳಬೇಕು. ಚೀಡ್‌ವಾಸಾ ದಾಟಿದ ಮೇಲೆ ಕಲ್ಲು ಉರುಳುವ ಇಳಿಜಾರುಗಳಿವೆ; ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ತೊರೆಗಳೂ ಉಕ್ಕುತ್ತವೆ. ಆದ್ದರಿಂದ ಬೆಳಗಿನ ಜಾವವೇ ಹೊರಟು, ಸುಮಾರು 3,800 ಮೀಟರ್ ಎತ್ತರದ ಭೋಜ್‌ವಾಸಾದಲ್ಲಿ ರಾತ್ರಿ ಕಳೆಯುವುದು ಕ್ಷೇಮ.

ನನ್ನ ಮಟ್ಟಿಗೆ ಈ ದಾರಿಯ ನಿಜವಾದ ಆಕರ್ಷಣೆ ಭೋಜ್‌ವಾಸಾದಿಂದ ಮುಂದಿನ ಭಾಗ. ಕಣಿವೆಯ ಎರಡೂ ಬದಿಗಳಲ್ಲಿ, ಇಂದಿನ ನದಿಪಾತ್ರಕ್ಕಿಂತ ಬಹಳ ಮೇಲೆ, ಗೋಡೆ ಕಟ್ಟಿದಂತೆ ಉದ್ದಕ್ಕೂ ಸಾಗುವ ದಿಬ್ಬಗಳೇ ಪಾರ್ಶ್ವ ಮೊರೇನ್‌ಗಳು. ಹಿಮನದಿ ತನ್ನ ಅಂಚಿನಲ್ಲಿ ಹೊತ್ತು ತಂದ ಕಲ್ಲುಮಣ್ಣನ್ನು ಬಿಟ್ಟು ಕುಗ್ಗಿದಾಗ ಅವು ಹಾಗೆಯೇ ಉಳಿದಿವೆ. ಅವುಗಳ ನೆತ್ತಿಯನ್ನು ನೋಡಿದರೆ ಅಂದಿನ ಹಿಮ ಎಷ್ಟು ದಪ್ಪವಿತ್ತೆಂದು ಅಂದಾಜಿಸಬಹುದು. ಮಳೆ ಕೊರೆದ ಕಡೆ ಗಮನಿಸಿದರೆ ಹಿಟ್ಟಿನಂಥ ಧೂಳು, ಚೂಪಾದ ಕಲ್ಲು, ಮನೆಯಷ್ಟು ದೊಡ್ಡ ಬಂಡೆ ಎಲ್ಲವೂ ಬೆರೆತೇ ಇರುತ್ತವೆ. ನೀರು ತಂದ ರಾಶಿಯಾಗಿದ್ದರೆ ಕಲ್ಲುಗಳು ಗಾತ್ರಕ್ಕೆ ತಕ್ಕಂತೆ ಬೇರ್ಪಟ್ಟು, ಅಂಚು ಸವೆದು ನುಣುಪಾಗಿರುತ್ತಿದ್ದವು. ಇವೆಲ್ಲ ಒಂದೇ ಕಾಲದವಲ್ಲ: ಸುಮಾರು 5 ಸಾವಿರ ವರ್ಷಗಳ ಹಿಂದೆ ಹಿಮನದಿ ಮುಂದಕ್ಕೆ ಚಾಚಿದ ಹಂತಕ್ಕೆ ಶಿವಲಿಂಗ ಶಿಖರದ ಹೆಸರನ್ನೂ, ಕೆಲವೇ ಶತಮಾನಗಳ ಹಿಂದಿನದಕ್ಕೆ ಭೋಜ್‌ವಾಸಾದ ಹೆಸರನ್ನೂ ಇಡಲಾಗಿದೆ. ಓರೆ ಬಿಸಿಲಿನಲ್ಲಿ ದಿಬ್ಬಗಳ ಏಣು ಎದ್ದು ಕಾಣುವುದರಿಂದ ಛಾಯಾಚಿತ್ರಕ್ಕೆ ಬೆಳಗಿನ ಹೊತ್ತೇ ಲೇಸು.

1935ರಲ್ಲಿ ಭೂವಿಜ್ಞಾನಿ ಜೆ. ಬಿ. ಆಡೆನ್ ನಕ್ಷೆಯಲ್ಲಿ ಗುರುತಿಸಿದ ಹಿಮನದಿಯ ತುದಿ ಈಗ ಒಂದು ಕಿ.ಮೀ.ಗಿಂತಲೂ ಹೆಚ್ಚು ಹಿಂದೆ ಸರಿದಿದೆ. ಈ ತುದಿಯಿಂದ ಹಿಮದ ಗಡ್ಡೆಗಳು ಮುನ್ಸೂಚನೆಯಿಲ್ಲದೆ ಕಳಚಿ ಬೀಳುವುದರಿಂದ ದೂರದಲ್ಲಿಯೇ ನಿಂತು ನೋಡಬೇಕು. ಗೋಮುಖದಿಂದ ಮೇಲಿರುವ ತಪೋವನದ ಹುಲ್ಲುಗಾವಲಿನವರೆಗೆ ಹೋಗುವವರು ಬಿರುಕುಗಳಿರುವ ಹಿಮನದಿಯನ್ನೇ ದಾಟಬೇಕಾಗಬಹುದು. ಹಾದಿ ಬಲ್ಲ ಸ್ಥಳೀಯ ಮಾರ್ಗದರ್ಶಕರಿಲ್ಲದೆ ಅದಕ್ಕೆ ಕೈಹಾಕಬಾರದು.